ಆನ್‌ಲೈನ್‌ನಲ್ಲಿ ಲೇಥ್, ಗಿರಣಿ ಯಂತ್ರ ಕೊಳ್ತೀರಾ? ಲಾರಿಯಿಂದ ಅಂಗಡಿ ಒಳಗೆ ತರೋದು ಯಾರ ಜವಾಬ್ದಾರಿ? ಇಲ್ಲಿದೆ ಪೂರ್ತಿ ಮಾಹಿತಿ

ಹಾವೇರಿ: ಮೊಬೈಲ್‌ನಲ್ಲಿ ಫೋಟೊ ನೋಡಿ, ಫೋನ್‌ನಲ್ಲೇ ರೇಟ್ ಮಾತಾಡಿ, ಗುಜರಾತಿನ ರಾಜ್‌ಕೋಟ್‌ನಿಂದಲೋ ಪಂಜಾಬಿನ ಬಟಾಲಾದಿಂದಲೋ ಲೇಥ್ ತರಿಸೋದು, ಕೊಯಮತ್ತೂರಿನಿಂದ ಗ್ರೈಂಡರ್ ತರಿಸೋದು ಈಗ ತಾಲೂಕಿನ ಅಂಗಡಿಕಾರರಿಗೂ ಹೊಸದಲ್ಲ. ವೆಲ್ಡಿಂಗ್ ಶಾಪ್, ಬಡಗಿ ಕೆಲಸ, ಖಾರದಪುಡಿ ಗಿರಣಿ, ಪಂಪ್ ರಿಪೇರಿ ಹೀಗೆ ಯಾವ ಕೆಲಸಕ್ಕೂ ಯಂತ್ರ ಆನ್‌ಲೈನ್‌ನಲ್ಲಿ ಸಿಗತ್ತೆ. ತೊಂದರೆ ಶುರುವಾಗೋದು ಲಾರಿ ಬಂದ ದಿನ.

ಮಾರಾಟಗಾರ 'ಡೋರ್ ಡೆಲಿವರಿ' ಅಂದಿರ್ತಾನೆ. ನಾವು ಅಂಗಡಿ ಒಳಗೆ ಇಟ್ಟು ಹೋಗ್ತಾರೆ ಅಂದುಕೊಂಡಿರ್ತೀವಿ. ಟ್ರಾನ್ಸ್‌ಪೋರ್ಟ್‌ನವರ ಲೆಕ್ಕದಲ್ಲಿ ಡೋರ್ ಡೆಲಿವರಿ ಅಂದ್ರೆ ಸಾಮಾನ್ಯವಾಗಿ ಲಾರಿ ಹೋಗುವಷ್ಟು ದೂರ ಹೋಗಿ ನಿಲ್ಲೋದು, ಅಷ್ಟೇ. ಇಳಿಸೋದು, ಗಟಾರ ದಾಟಿಸೋದು, ಶಟರ್ ಒಳಗೆ ತಳ್ಳೋದು ಎಲ್ಲ ಕೊಂಡವರ ತಲೆ ಮೇಲೆ. ಸಾವಿರ ಕಿಲೋಮೀಟರ್ ಸರಿಯಾಗಿ ಬಂದ ಯಂತ್ರ ಕೊನೆಯ ಐವತ್ತು ಅಡಿಯಲ್ಲಿ ಬಿದ್ದು ಒಡೆಯಬಹುದು, ಯಾರದಾದ್ರೂ ಕಾಲಿನ ಮೇಲೂ ಬೀಳಬಹುದು. ಆದ್ದರಿಂದ ಆ ಐವತ್ತು ಅಡಿಯ ಮಾತು ದುಡ್ಡು ಹಾಕುವ ಮೊದಲೇ ಮುಗಿದಿರಬೇಕು.

ಮೊದಲು ಮಾರಾಟಗಾರ ಯಾರು ಅಂತ ನೋಡಿ

ಇಂಡಿಯಾಮಾರ್ಟ್‌ನಂಥ ತಾಣಗಳು ಮಾರಾಟಗಾರನ ಮಾಹಿತಿ ಕೊಟ್ಟು ನಿಮ್ಮನ್ನು ಅವನ ಜೊತೆ ಮಾತಾಡಿಸುವ ತಾಣಗಳು. ಯಂತ್ರ ಕಳಿಸೋದು, ಬಿಲ್ ಕೊಡೋದು ಆ ಮಾರಾಟಗಾರನೇ. ಹೀಗಾಗಿ ಅವನ ಜಿಎಸ್‌ಟಿ ನಂಬರ್ ಕೇಳಿ. ಅದು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ ಕೋಡ್: ಗುಜರಾತ್ 24, ಪಂಜಾಬ್ 03, ತಮಿಳುನಾಡು 33, ಕರ್ನಾಟಕ 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೇನೆ ಈ ನಂಬರ್ ಹಾಕಿ ಹುಡುಕಬಹುದು. ಸಂಸ್ಥೆಯ ಹೆಸರು, ಊರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಅಲ್ಲೇ ಕಾಣತ್ತೆ.

ಆ ಹೆಸರಿಗೂ ನೀವು ದುಡ್ಡು ಹಾಕುವ ಬ್ಯಾಂಕ್ ಖಾತೆಯ ಹೆಸರಿಗೂ ತಾಳೆ ಆಗಬೇಕು. ಕಂಪನಿ ರಾಜ್‌ಕೋಟ್‌ನದ್ದು, ದುಡ್ಡು ಮಾತ್ರ ಇನ್ಯಾರದೋ ಹೆಸರಿನ ಉಳಿತಾಯ ಖಾತೆಗೆ ಹಾಕಿ ಅಂದ್ರೆ ಅಲ್ಲೇ ನಿಲ್ಲಿಸಿ. ಯಂತ್ರ ಓಡ್ತಿರೋದನ್ನ ವಿಡಿಯೊ ಕಾಲ್‌ನಲ್ಲಿ ತೋರಿಸೋಕೆ ಹೇಳಿ, ನೇಮ್‌ಪ್ಲೇಟ್ ಮೇಲಿನ ಸೀರಿಯಲ್ ನಂಬರ್ ಬರ್ಕೊಳ್ಳಿ. ಬಂದ ಯಂತ್ರದ ಮೇಲೂ ಅದೇ ನಂಬರ್ ಇರಬೇಕು. ಪೂರ್ತಿ ಹಣ ಮುಂಗಡ ಕೊಡೋದಕ್ಕಿಂತ ಸ್ವಲ್ಪ ಅಡ್ವಾನ್ಸ್, ಉಳಿದದ್ದು ಲೋಡ್ ಆದ ಮೇಲೆ ಅಂತ ಮಾತಾಡಿ. ಮೋಸ ಹೋದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದೇ.

ರೇಟ್ ಜೊತೆ ಕೇಳಬೇಕಾದ ಅಳತೆ

ಹೆಚ್ಚಿನವರು ಕೇಳೋದು ಬೆಲೆ, ಮೋಟರ್ ಎಷ್ಟು ಹೆಚ್‌ಪಿ, ಅಷ್ಟೇ. ಇಳಿಸುವ ದಿನ ಇವೆರಡೂ ಕೆಲಸಕ್ಕೆ ಬರಲ್ಲ. ಬೇಕಾಗೋದು ಇವು:

• ಪ್ಯಾಕಿಂಗ್ ಸೇರಿ ಒಟ್ಟು ತೂಕ ಎಷ್ಟು
• ಪ್ಯಾಕಿಂಗ್ ಸೇರಿ ಉದ್ದ, ಅಗಲ, ಎತ್ತರ ಎಷ್ಟು
• ಎಷ್ಟು ನಗ ಬರತ್ತೆ, ಮೋಟರ್ ಮತ್ತು ಸ್ಟ್ಯಾಂಡ್ ಬೇರೆ ಪೆಟ್ಟಿಗೆಯಲ್ಲೋ ಜೋಡಿಸಿಯೋ
• ಎತ್ತುವಾಗ ಬೆಲ್ಟ್ ಎಲ್ಲಿ ಹಾಕಬೇಕು

6 ಅಡಿ ಬೆಡ್‌ನ ಲೇಥ್ ಮಾದರಿ ನೋಡಿಕೊಂಡು ಅರ್ಧ ಟನ್‌ನಿಂದ ಒಂದು ಟನ್ ಆಸುಪಾಸು ತೂಗಬಹುದು. ನಾಲ್ಕು ಜನ ಹಮಾಲರು ಕೈಯಲ್ಲಿ ಎತ್ತುವ ಮಾಲಲ್ಲ ಇದು. ತೂಕ ಗೊತ್ತಿದ್ರೆ ಯಾವ ಗಾಡಿ, ಯಾವ ಕ್ರೇನ್ ಅನ್ನೋದು ತಾನಾಗೇ ಗೊತ್ತಾಗತ್ತೆ.

ಆಮೇಲೆ ಟೇಪ್ ಹಿಡ್ಕೊಂಡು ನಿಮ್ಮ ಜಾಗ ಅಳೀರಿ. ಮುಖ್ಯರಸ್ತೆಯಿಂದ ಓಣಿಯ ಅಗಲ, ಓಣಿಯಲ್ಲಿ ಜೋತಾಡುವ ಕರೆಂಟ್ ತಂತಿ, ಗಟಾರದ ಮೇಲಿನ ಕಲ್ಲು, ಶಟರ್‌ನ ಅಗಲ ಮತ್ತು ಎತ್ತರ, ಒಳಗೆ ಯಂತ್ರ ತಿರುಗಿಸೋಕೆ ಜಾಗ. ಗಟಾರದ ಚಪ್ಪಡಿ ಬೈಕ್ ತಡೆದಿದೆ ಅಂದ ಮಾತ್ರಕ್ಕೆ ಒಂದು ಟನ್ ತಡೀತದೆ ಅಂತೇನಿಲ್ಲ. ರಸ್ತೆಯಿಂದ ಅಂಗಡಿ ಒಳಗಿನವರೆಗೆ ಒಂದು ವಿಡಿಯೊ ಮಾಡಿ ಮಾರಾಟಗಾರನಿಗೂ ಟ್ರಾನ್ಸ್‌ಪೋರ್ಟ್‌ನವರಿಗೂ ವಾಟ್ಸಾಪ್ ಮಾಡಿ. ಆಮೇಲೆ 'ಜಾಗ ಹೀಗಿದೆ ಅಂತ ನೀವು ಹೇಳಿರಲಿಲ್ಲ' ಅನ್ನೋಕೆ ಬರಲ್ಲ.

ಕೊಟೇಶನ್‌ನಲ್ಲಿ ಬರುವ ಪದಗಳ ಅರ್ಥ

ಎಕ್ಸ್-ವರ್ಕ್ಸ್: ಬರೆದಿರೋ ಬೆಲೆ ಅವರ ಫ್ಯಾಕ್ಟರಿ ಬಾಗಿಲವರೆಗೆ ಮಾತ್ರ. ಸಾಗಣೆ, ವಿಮೆ ಎಲ್ಲ ನಿಮ್ಮದು.

ಎಫ್‌ಓಆರ್: ಬರೆದ ಜಾಗದವರೆಗೆ ಸಾಗಣೆ ಬೆಲೆಯಲ್ಲೇ ಸೇರಿದೆ. ಜಾಗ ಯಾವುದು ಅಂತ ನೋಡಿ. 'ಎಫ್‌ಓಆರ್ ಹುಬ್ಬಳ್ಳಿ' ಅಂತಿದ್ರೆ ಹುಬ್ಬಳ್ಳಿಯಿಂದ ಹಾನಗಲ್‌ಗೋ ಹಿರೇಕೆರೂರಿಗೋ ತರುವ ಖರ್ಚು ನಿಮ್ಮದೇ.

ಪಿ ಅಂಡ್ ಎಫ್: ಪ್ಯಾಕಿಂಗ್ ಮತ್ತು ಕಳಿಸುವ ಖರ್ಚು. ಬೆಲೆಯ ಕೆಳಗೆ ಸಣ್ಣದಾಗಿ ಬರೆದಿರ್ತಾರೆ.

ಪೇಯ್ಡ್ ಮತ್ತು ಟು ಪೇ: ಪೇಯ್ಡ್ ಅಂದ್ರೆ ಬಾಡಿಗೆ ಕಳಿಸಿದವರು ಕಟ್ಟಿದ್ದಾರೆ. ಟು ಪೇ ಅಂದ್ರೆ ಮಾಲು ಬಿಡಿಸುವಾಗ ನೀವು ಕಟ್ಟಬೇಕು. 'ಫ್ರೀ ಡೆಲಿವರಿ' ಅಂತ ಹೇಳಿಸಿಕೊಂಡವರ ಎಲ್‌ಆರ್‌ನಲ್ಲಿ ಟು ಪೇ ಅಂತ ಬಂದಿದ್ರೆ ಮಾಲು ಬರುವ ಮೊದಲೇ ಜಗಳ ಬಗೆಹರಿಸಿಕೊಳ್ಳಿ.

ಗೋಡೌನ್ ಡೆಲಿವರಿ: ಟ್ರಾನ್ಸ್‌ಪೋರ್ಟ್ ಕಂಪನಿಯ ಗೋಡೌನ್‌ಗೆ ಹೋಗಿ ನೀವೇ ಬಿಡಿಸಿಕೊಳ್ಳಬೇಕು. ಹೇಳಿದ ದಿನದೊಳಗೆ ಬಿಡಿಸದಿದ್ರೆ ದಿನದ ಲೆಕ್ಕದಲ್ಲಿ ಡೆಮರೇಜ್ ಬೀಳತ್ತೆ.

ಬಾಡಿಗೆ ಬರೀ ತೂಕದ ಮೇಲೆ ಅಲ್ಲ. ಮಾಲು ಹಗುರ ಆದ್ರೂ ಜಾಗ ಹೆಚ್ಚು ತಿಂದ್ರೆ ಅಳತೆಯಿಂದ ತೂಕ ಲೆಕ್ಕ ಹಾಕ್ತಾರೆ, ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ ಮಾಡ್ತಾರೆ. ಕಟ್ಟಿಗೆಯ ದೊಡ್ಡ ಪೆಟ್ಟಿಗೆ ಮಾಡಿಸಿದ್ರೆ ಬಾಡಿಗೆ ಏರತ್ತೆ ಅನ್ನೋದು ನೆನಪಿರಲಿ. ಹಾಗಂತ ಪೆಟ್ಟಿಗೆ ಬೇಡ ಅನ್ನಬೇಡಿ. ಲೇಥ್, ಡ್ರಿಲ್ಲಿಂಗ್ ಮಷಿನ್‌ಗಳ ಮೈ ಬೀಡು ಕಬ್ಬಿಣದ್ದು. ಅದು ಬಾಗಲ್ಲ, ಸೀದಾ ಸೀಳತ್ತೆ. ಸೀಳಿದ್ರೆ ಮಾಮೂಲು ವೆಲ್ಡಿಂಗ್‌ನಲ್ಲಿ ಸರಿಯಾಗಿ ಕೂರಲ್ಲ.

ಬಿಲ್, ಇ-ವೇ ಬಿಲ್ ಇಲ್ಲದೆ ಲಾರಿ ಹತ್ತಿಸಬೇಡಿ

ಬಿಲ್ ಬೇಡ ಅಂದ್ರೆ ರೇಟ್ ಕಡಿಮೆ ಮಾಡ್ತೀವಿ ಅನ್ನುವ ಮಾತು ಬಂದೇ ಬರತ್ತೆ. ಒಪ್ಪಬೇಡಿ. ಬಿಲ್ ಇಲ್ಲ ಅಂದ್ರೆ ವಾರಂಟಿ ಇಲ್ಲ, ವಿಮೆ ಇಲ್ಲ, ಬ್ಯಾಂಕ್ ಸಾಲಕ್ಕೆ ದಾಖಲೆ ಇಲ್ಲ, ಮುರಿದ್ರೆ ಕೇಳೋ ಹಕ್ಕೂ ಇಲ್ಲ.

ತೆರಿಗೆ ಸೇರಿ ಮಾಲಿನ ಬೆಲೆ 50,000 ರೂಪಾಯಿ ದಾಟಿದ್ರೆ ಇ-ವೇ ಬಿಲ್ ಬೇಕು. 'ತೆರಿಗೆ ಸೇರಿ' ಅನ್ನೋದು ಮುಖ್ಯ. ಲೇಥ್‌ಗೆ ಜಿಎಸ್‌ಟಿ 18%. ಬೆಲೆ 45,000 ಇದ್ರೆ ತೆರಿಗೆ ಸೇರಿ 53,100 ಆಯ್ತು, ಮಿತಿ ದಾಟಿತು. ಇ-ವೇ ಬಿಲ್‌ನ ಅವಧಿ ಮಾಮೂಲು ಮಾಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ. 1,300 ಕಿ.ಮೀ. ದೂರ ಅಂದ್ರೆ 7 ದಿನ. ದಾರಿಯಲ್ಲಿ ತಡವಾದ್ರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ವಿಸ್ತರಿಸೋಕೆ ಅವಕಾಶ ಇದೆ. ಅದನ್ನ ಟ್ರಾನ್ಸ್‌ಪೋರ್ಟ್‌ನವರು ಮಾಡಬೇಕು, ಮಾಡಿದ್ದಾರಾ ಅಂತ ಕೇಳೋದು ನಿಮ್ಮ ಕೆಲಸ.

ದಾಖಲೆ ಇಲ್ಲದೆ ತಪಾಸಣೆಯಲ್ಲಿ ಸಿಕ್ಕಿಬಿದ್ರೆ ಮಾಲು ಬಿಡಿಸೋಕೆ ಮಾಲೀಕರೇ ಮುಂದೆ ಬಂದಾಗಲೂ ತೆರಿಗೆಯ ಎರಡು ಪಟ್ಟು ದಂಡ. 2 ಲಕ್ಷದ ಲೇಥ್‌ಗೆ ತೆರಿಗೆ 36,000 ಅಂದ್ರೆ ದಂಡ 72,000. ಬಿಲ್ ಇಲ್ಲದೆ ಉಳಿಸಿದ ದುಡ್ಡು ಅಲ್ಲಿಗೆ ಹೋಯ್ತು, ಜೊತೆಗೆ ಇನ್ನೂ ಅಷ್ಟೇ.

ನಿಮಗೆ ಜಿಎಸ್‌ಟಿ ನೋಂದಣಿ ಇದ್ರೆ ಬಿಲ್‌ನಲ್ಲಿ ನಿಮ್ಮ ನಂಬರ್ ಹಾಕಿಸಿ. ಇಲ್ಲದಿದ್ರೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಸಾಲದಲ್ಲಿ ಕೊಳ್ಳುವವರು ಯಂತ್ರದ ಸೀರಿಯಲ್ ನಂಬರ್ ಬಿಲ್‌ನಲ್ಲೇ ಬರೆಸಿಕೊಳ್ಳೋದು ಒಳ್ಳೇದು. ಮಾಲು ಹೊರಟ ಕೂಡಲೇ ಬಿಲ್, ಇ-ವೇ ಬಿಲ್, ಎಲ್‌ಆರ್ (ಲಾರಿ ರಸೀದಿ) ಮೂರರ ಫೋಟೊ ತರಿಸಿಕೊಳ್ಳಿ. ಎಲ್‌ಆರ್‌ನಲ್ಲಿ ನಿಮ್ಮ ಹೆಸರು, ಮೊಬೈಲ್ ನಂಬರ್, ನಗದ ಸಂಖ್ಯೆ, ತೂಕ, ಡೋರ್ ಡೆಲಿವರಿಯೋ ಗೋಡೌನ್ ಡೆಲಿವರಿಯೋ ಇಷ್ಟೂ ನೋಡಿ.

ಲಾರಿಯಲ್ಲಿ ಮುರಿದ್ರೆ ಎಷ್ಟು ಸಿಗತ್ತೆ?

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಮಾಲು ಕಳೆದ್ರೆ ಅಥವಾ ಹಾಳಾದ್ರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 6,000 ಇದ್ರೆ ಹೆಚ್ಚೆಂದರೆ 60,000. ನಿಮ್ಮ ಯಂತ್ರ 2 ಲಕ್ಷದ್ದಾದ್ರೆ ಉಳಿದ 1,40,000 ನಿಮ್ಮ ಕೈಯಿಂದ. ಬುಕ್ ಮಾಡುವಾಗಲೇ ಹೆಚ್ಚಿನ ಬೆಲೆ ಘೋಷಿಸಿ, ಅದಕ್ಕೆ ತಕ್ಕ ಹೆಚ್ಚಿನ ರಿಸ್ಕ್ ದರ ಕಟ್ಟಿದ್ರೆ ಮಾತ್ರ ಲೆಕ್ಕ ಬೇರೆ.

ಇದಕ್ಕೆ ಉಪಾಯ ಟ್ರಾನ್ಸಿಟ್ ವಿಮೆ. ಬಿಲ್‌ನ ಪೂರ್ತಿ ಮೊತ್ತಕ್ಕೆ ಮಾಡಿಸಿ. ಮಾರಾಟಗಾರರ ಹತ್ತಿರ ಪಾಲಿಸಿ ಇದ್ರೆ ನಿಮ್ಮ ಮಾಲು ಅದರಲ್ಲಿ ಸೇರಿದೆಯಾ ಅಂತ ಕಾಗದದಲ್ಲಿ ಕೇಳಿ. ಲೋಡಿಂಗ್, ಅನ್‌ಲೋಡಿಂಗ್ ವೇಳೆ ಆಗುವ ಹಾನಿ ಸೇರಿದೆಯಾ ಅಂತ ಬಿಡಿಸಿ ಕೇಳಿ. ಎಲ್‌ಆರ್ ಮೇಲೆ 'ಓನರ್ಸ್ ರಿಸ್ಕ್' ಅಂತ ಸೀಲ್ ಇದ್ರೆ, ಹಾನಿಯಾದಾಗ ಅದನ್ನೇ ತೋರಿಸ್ತಾರೆ ಅನ್ನೋದು ಗಮನದಲ್ಲಿರಲಿ.

ಡೋರ್ ಡೆಲಿವರಿಗಿಂತ ಗೋಡೌನ್ ವಾಸಿ ಆಗೋದು ಯಾವಾಗ?

ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ರಾಣೆಬೆನ್ನೂರು, ಹಾವೇರಿ, ಶಿಗ್ಗಾಂವಿವರೆಗೆ ದೊಡ್ಡ ಲಾರಿ ಬರೋದು ಕಷ್ಟವಲ್ಲ. ಅಲ್ಲಿಂದ ಒಳಗಿನ ಹಳ್ಳಿಗೆ, ಪೇಟೆಯ ಓಣಿಗೆ ಬರೋದೇ ಕಷ್ಟ. ದೊಡ್ಡ ಲಾರಿಯ ಡ್ರೈವರ್ ರಾತ್ರಿ ಫೋನ್ ಮಾಡಿ, ಗಾಡಿ ಒಳಗೆ ಬರಲ್ಲ, ಸರ್ವಿಸ್ ರಸ್ತೆಗೆ ಬಂದು ಇಳಿಸಿಕೊಳ್ಳಿ ಅಂದ್ರೆ ಆಗ ಕ್ರೇನ್ ಎಲ್ಲಿಂದ ತರ್ತೀರಿ?

ಓಣಿ ಸಣ್ಣದಿದ್ರೆ ಗೋಡೌನ್ ಡೆಲಿವರಿ ಮಾಡಿಸಿಕೊಂಡು, ಅಲ್ಲಿಂದ ಸಣ್ಣ ಗಾಡಿಯಲ್ಲಿ ಹಗಲು ಹೊತ್ತಲ್ಲಿ ತರೋದು ಎಷ್ಟೋ ಸಲ ಖರ್ಚಿಗೂ ಕಡಿಮೆ, ಜೀವಕ್ಕೂ ಕ್ಷೇಮ. ಗೋಡೌನ್‌ನಲ್ಲಿ ಫೋರ್ಕ್‌ಲಿಫ್ಟ್ ಅಥವಾ ಎತ್ತರದ ಪ್ಲಾಟ್‌ಫಾರ್ಮ್ ಇದೆಯಾ ಅಂತ ಮೊದಲೇ ಕೇಳಿ. ಟಾಟಾ ಏಸ್‌ನಂಥ ಸಣ್ಣ ಗಾಡಿಗೆ ಮುಕ್ಕಾಲು ಟನ್ ಆಸುಪಾಸು ಸಾಕು. ಅದಕ್ಕಿಂತ ಹೆಚ್ಚಿದ್ರೆ ದೊಡ್ಡ ಪಿಕಪ್ ಹೇಳಿ. ಯಂತ್ರವನ್ನು ಗಾಡಿಯ ನಡುವಿಗೆ ಕೂರಿಸಿ, ನಾಲ್ಕೂ ಕಡೆ ಬೆಲ್ಟ್ ಬಿಗೀರಿ. ಸಂತೆ ದಿನ, ಮಾರುಕಟ್ಟೆ ದಿನ ಬಿಟ್ಟು ಬೇರೆ ದಿನ ಇಟ್ಕೊಳ್ಳಿ.

ಇಳಿಸುವಾಗ ಹೀಗೆ ಮಾಡಿ

ಎತ್ತೋಕೆ ಹೈಡ್ರಾ ಕ್ರೇನ್ ಸರಿಯಾದ ಸಾಧನ. ಬಾಡಿಗೆ ಗಂಟೆ ಲೆಕ್ಕ, ಬಂದು ಹೋಗುವ ದೂರವೂ ಸೇರತ್ತೆ. ಲಾರಿ ಊರು ಮುಟ್ಟಿದ ಮೇಲೆ ಹುಡುಕಬೇಡಿ, ಹಿಂದಿನ ದಿನವೇ ಹೇಳಿಟ್ಟಿರಿ. ಜೆಸಿಬಿ ಬಕೆಟ್‌ಗೆ ಸರಪಳಿ ಕಟ್ಟಿ ಎತ್ತೋದು ನಮ್ಮ ಕಡೆ ಕಾಣೋ ದೃಶ್ಯ. ಬಕೆಟ್ ಇರೋದು ಮಣ್ಣು ಎತ್ತೋಕೆ. ಹಲ್ಲಿನಿಂದ ಸರಪಳಿ ಜಾರಿದ್ರೆ ಹಿಡಿಯೋಕೆ ಏನೂ ಇಲ್ಲ.

• ಕ್ರೇನ್‌ನ ತೋಳು ಮೇಲೇಳುವ ಜಾಗದಲ್ಲಿ ವಿದ್ಯುತ್ ತಂತಿ ಇದ್ರೆ ಹೆಸ್ಕಾಂ ಲೈನ್‌ಮನ್‌ಗೆ ಹೇಳದೆ ಕೆಲಸ ಶುರು ಮಾಡಬೇಡಿ.
• ಲೇಥ್‌ನ ಹೆಡ್‌ಸ್ಟಾಕ್ ಕಡೆ ತೂಕ ಹೆಚ್ಚು. ನಟ್ಟನಡುವೆ ಬೆಲ್ಟ್ ಹಾಕಿದ್ರೆ ಒಂದು ಕಡೆ ವಾಲತ್ತೆ. ನೆಲದಿಂದ ಎರಡು ಇಂಚು ಎತ್ತಿ, ಸಮ ಇದೆಯಾ ನೋಡಿ, ಆಮೇಲೆ ಮೇಲೆತ್ತಿ.
• ಬೆಲ್ಟ್ ಬೆಡ್‌ಗೆ ಹಾಕಬೇಕು. ಲೀಡ್‌ಸ್ಕ್ರೂ, ಫೀಡ್ ರಾಡ್, ಸ್ಪಿಂಡಲ್‌ಗೆ ಸಿಕ್ಕಿಸಿ ಎತ್ತಿದ್ರೆ ಅವು ಬಾಗ್ತವೆ. ಯಂತ್ರ ಹೊಸದಾಗಿದ್ರೂ ಕೆಲಸ ನೇರ ಬರಲ್ಲ.
• ಮೋಟರ್ ಮೇಲಿನ ಕೊಂಡಿ ಮೋಟರ್ ಎತ್ತೋಕೆ ಮಾತ್ರ. ಅದಕ್ಕೆ ಇಡೀ ಯಂತ್ರದ ತೂಕ ಹಾಕಬೇಡಿ.
• ಪಿಲ್ಲರ್ ಡ್ರಿಲ್‌ಗೆ ತಲೆಭಾರ ಜಾಸ್ತಿ. ಮೇಜನ್ನು ಕೆಳಕ್ಕಿಳಿಸಿ ಬಿಗಿ ಮಾಡಿ. ನಿಲ್ಲಿಸಿಕೊಂಡೇ ತಳ್ಳಿದ್ರೆ ಸಣ್ಣ ಕಲ್ಲು ಸಿಕ್ಕರೂ ಮಗುಚತ್ತೆ.

ಶಟರ್ ಒಳಗೆ ಕ್ರೇನ್ ಬರಲ್ಲ. ಅಲ್ಲಿಂದ ಮುಂದಕ್ಕೆ ಹಳೇ ಪದ್ಧತಿಯೇ: ಯಂತ್ರದ ಅಡಿಗೆ ಗಟ್ಟಿ ಮರದ ಹಲಗೆ, ಹಲಗೆ ಅಡಿಗೆ ಒಂದೇ ದಪ್ಪದ ಮೂರ್ನಾಲ್ಕು ಕಬ್ಬಿಣದ ಪೈಪು, ಹಿಂದಿನಿಂದ ಹಾರೆ. ಹಿಂದೆ ಬಿಡುಗಡೆಯಾದ ಪೈಪನ್ನು ಮುಂದಕ್ಕೆ ತಂದು ಹಾಕ್ತಾ ಹೋಗೋದು. ಪೈಪು ಸರಿಮಾಡೋಕೆ ಯಂತ್ರದ ಅಡಿಗೆ ಕೈ ಹಾಕಬಾರದು, ಕೋಲಿನಿಂದ ತಳ್ಳಿ. ಇಳಿಜಾರು ಇದ್ರೆ ಕೆಳಗಿನ ಕಡೆ ಯಾರೂ ನಿಲ್ಲಬಾರದು, ಮೇಲಿನಿಂದ ಹಗ್ಗ ಅಥವಾ ಚೈನ್ ಬ್ಲಾಕ್ ಹಿಡಿದಿರಬೇಕು. ಚಪ್ಪಲಿ ಹಾಕಿಕೊಂಡು ಈ ಕೆಲಸ ಬೇಡ, ಶೂ ಇರಲಿ. 'ಎತ್ತು', 'ನಿಲ್ಲು' ಅಂತ ಕೂಗೋನು ಒಬ್ಬನೇ ಇರಬೇಕು. ಯಂತ್ರ ವಾಲಿದ್ರೆ ಹಿಡಿಯೋಕೆ ಹೋಗಬೇಡಿ, ಬಿಟ್ಟು ದೂರ ಸರೀರಿ. ಯಂತ್ರ ರಿಪೇರಿ ಆಗಬಹುದು, ಕಾಲು ಆಗಲ್ಲ.

ಸಹಿ ಹಾಕುವ ಮೊದಲು ಹತ್ತು ನಿಮಿಷ

ಡ್ರೈವರ್ ಅವಸರ ಮಾಡ್ತಾನೆ. ಆದ್ರೂ ಲಾರಿಯಲ್ಲಿದ್ದಾಗಲೇ ಪೆಟ್ಟಿಗೆಯ ನಾಲ್ಕೂ ಬದಿ ವಿಡಿಯೊ ಮಾಡಿ, ಇಳಿಸೋದೂ ವಿಡಿಯೊದಲ್ಲಿರಲಿ. ನಗ ಎಣಿಸಿ. ಪೆಟ್ಟಿಗೆ ಒಡೆದಿದ್ರೆ ಒಳಗಿನ ಕಾಲು, ಕೈಚಕ್ರ, ಟೇಲ್‌ಸ್ಟಾಕ್, ಗೇರ್ ಕವರ್ ನೋಡಿ. ತೊಂದರೆ ಕಂಡ್ರೆ ಡೆಲಿವರಿ ರಸೀದಿ ಮೇಲೆಯೇ ಏನು ಒಡೆದಿದೆ ಅಂತ ಬರೆದು ಆಮೇಲೆ ಸಹಿ ಹಾಕಿ, ಅದರ ಫೋಟೊ ಇಟ್ಕೊಳ್ಳಿ. 'ಮಾಲು ಸರಿಯಾಗಿ ಮುಟ್ಟಿದೆ' ಅನ್ನೋದಕ್ಕೆ ಸಹಿ ಹಾಕಿ ಮರುದಿನ ಫೋನ್ ಮಾಡಿದ್ರೆ ಬಲ ಕಡಿಮೆ.

ಅದೇ ದಿನ ಮಾರಾಟಗಾರನಿಗೆ, ಟ್ರಾನ್ಸ್‌ಪೋರ್ಟ್‌ಗೆ, ವಿಮೆ ಕಂಪನಿಗೆ ಮೂವರಿಗೂ ಬರವಣಿಗೆಯಲ್ಲಿ ತಿಳಿಸಿ. ಸಾಗಣೆದಾರರ ಮೇಲೆ ಕೇಸ್ ಹಾಕಬೇಕಾದ್ರೆ ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಮಾಲು ಮುಟ್ಟಿದ ದಿನದಿಂದ ಅಲ್ಲ, ಬುಕ್ ಆದ ದಿನದಿಂದ.

ಗ್ರಾಹಕರ ಆಯೋಗಕ್ಕೆ ಹೋಗಬಹುದಾ? ವ್ಯಾಪಾರದ ಉದ್ದೇಶಕ್ಕೆ ಕೊಂಡವರು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರಲ್ಲ. ಆದ್ರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಕೊಂಡ ಯಂತ್ರಕ್ಕೆ ವಿನಾಯಿತಿ ಇದೆ. ತಾನೇ ಲೇಥ್ ಮೇಲೆ ನಿಂತು ಕೆಲಸ ಮಾಡೋನು ಹೋಗಬಹುದು. ಮಾರಾಟಗಾರ ಯಾವ ರಾಜ್ಯದವನೇ ಇರಲಿ, ನೀವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಅವಧಿ ಎರಡು ವರ್ಷ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಯಂತ್ರ ಬರುವ ಮೊದಲೇ ನೆಲ, ಕರೆಂಟ್

ಕಾಂಕ್ರೀಟ್ ಪೂರ್ತಿ ಬಲ ಬರೋಕೆ 28 ದಿನದ ಲೆಕ್ಕ. ಯಂತ್ರ ಬಂದ ಮೇಲೆ ಬೆಡ್ ಹಾಕಿಸಿದ್ರೆ ಅಷ್ಟು ದಿನ ಅದು ದಾರಿಗೆ ಅಡ್ಡ. ಆರ್ಡರ್ ಮಾಡಿದಾಗಲೇ ಬೋಲ್ಟ್ ತೂತುಗಳ ಡ್ರಾಯಿಂಗ್ ತರಿಸಿ ನೆಲ ಮಾಡಿಸಿ.

ಮೋಟರ್ ಸಿಂಗಲ್ ಫೇಸ್‌ನದ್ದೋ ತ್ರೀ ಫೇಸ್‌ನದ್ದೋ ಅಂತ ಆರ್ಡರ್‌ನಲ್ಲೇ ಬರೆಸಿ. ಮನೆ ಮೀಟರ್‌ನಿಂದ ವರ್ಕ್‌ಶಾಪ್ ಓಡಿಸೋದು ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಬಿಲ್ ಹಾಕ್ತಾರೆ. ಹೆಸ್ಕಾಂಗೆ ಅರ್ಜಿ ಮೊದಲೇ ಕೊಡಿ. ಚಾಲೂ ಮಾಡುವ ಮೊದಲು ತುಕ್ಕಿಗೆ ಹಚ್ಚಿದ ಗ್ರೀಸ್ ಒರೆಸಿ, ಆಯಿಲ್ ಹಾಕಿ, ಲೆವೆಲ್ ನೋಡಿ. ತ್ರೀ ಫೇಸ್ ಮೋಟರ್ ಉಲ್ಟಾ ತಿರುಗಿದ್ರೆ ಎಲೆಕ್ಟ್ರಿಷಿಯನ್ ಕರೆಸಿ ಎರಡು ಫೇಸ್ ಅದಲು ಬದಲು ಮಾಡಿಸಿ.

ದುಡ್ಡು ಹಾಕುವ ಮೊದಲು ತುಂಬಬೇಕಾದ ಚೀಟಿ

1. ಜಿಎಸ್‌ಟಿ ನಂಬರ್, ಖಾತೆಯ ಹೆಸರು ತಾಳೆ ಆಯ್ತಾ?
2. ಪ್ಯಾಕಿಂಗ್ ಸೇರಿ ತೂಕ, ಅಳತೆ, ನಗ ಎಷ್ಟು?
3. ಬೆಲೆ ಯಾವ ಊರಿನವರೆಗೆ? ಪೇಯ್ಡ್ ಅಥವಾ ಟು ಪೇ?
4. ವಿಮೆ ಯಾರು ಮಾಡಿಸ್ತಾರೆ, ಎಷ್ಟಕ್ಕೆ?
5. ಲಾರಿಯಿಂದ ಇಳಿಸೋದು ಯಾರು, ಕ್ರೇನ್ ಬಾಡಿಗೆ ಯಾರದು?
6. ನೆಲ, ಕರೆಂಟ್ ತಯಾರಿದೆಯಾ?

ಐದನೇ ಪ್ರಶ್ನೆಗೆ ಉತ್ತರ ವಾಟ್ಸಾಪ್‌ನಲ್ಲಾದ್ರೂ ಬರವಣಿಗೆಯಲ್ಲಿ ಬರಲಿ. ಬರೀ 'ನೋಡೋಣ ಬಿಡಿ' ಅಂತ ಬಂದ್ರೆ ಅದರ ಅರ್ಥ ನೀವೇ ಇಳಿಸ್ಕೋಬೇಕು ಅಂತ. ಆ ಖರ್ಚು ಸೇರಿಸಿ ಲೆಕ್ಕ ಹಾಕಿ, ಆಮೇಲೂ ಆ ಯಂತ್ರ ಅಗ್ಗ ಅನ್ನಿಸಿದ್ರೆ ಕೊಳ್ಳಿ.